ಪಾಲುಪಟ್ಟಿ ಇಲ್ಲದ ಹಿಸ್ಸೆ

2016ರ ಜೂನ್ 23, ಗುರುವಾರ. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನಾನಿದ್ದ ಬೀದಿಯ ಕೊನೆಗೆ ಒಂದು ಪ್ರಾಥಮಿಕ ಶಾಲೆ. ಅಲ್ಲಿ ಸಾಲಿನಲ್ಲಿ ನಿಂತು, ದಾರ ಕಟ್ಟಿದ ಪೆನ್ಸಿಲ್ ಹಿಡಿದು ಮತ ಹಾಕಿ ಬಂದೆ. ನನ್ನದು ಆಗಲೂ ಈಗಲೂ ಭಾರತದ ಪಾಸ್‌ಪೋರ್ಟ್. ಆದರೂ ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ, ಹೊರಬರಬೇಕೇ ಎಂದು ಆ ದೇಶ ನನ್ನನ್ನೂ ಕೇಳಿತು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಅಲ್ಲಿ ನೆಲೆಸಿದ್ದರೆ ಅವರ ಹೆಸರೂ ಮತದಾರರ ಪಟ್ಟಿಯಲ್ಲಿ ಸೇರುತ್ತದೆ. ಆರು ತಿಂಗಳ ಹಿಂದೆ ಬೆಂಗಳೂರಿನಿಂದ ಬಂದಿಳಿದ ಸಾಫ್ಟ್‌ವೇರ್ ಎಂಜಿನಿಯರ್ ಕೂಡ ಮತ ಹಾಕಬಹುದಿತ್ತು. ನಮ್ಮ ಎದುರು ಮನೆಯಲ್ಲಿ ಪೋಲೆಂಡಿನ ಬಡಗಿಯೊಬ್ಬ ಇದ್ದ. ಬಂದು ಹತ್ತು ವರ್ಷ ದಾಟಿತ್ತು, ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿದ್ದರು. ಆತನಿಗೆ ಮತವಿರಲಿಲ್ಲ. ಫಲಿತಾಂಶದಿಂದ ಯಾರ ಬದುಕು ಎಲ್ಲರಿಗಿಂತ ಹೆಚ್ಚು ಬದಲಾಗಲಿತ್ತೋ ಆತನನ್ನು ಯಾರೂ ಕೇಳಲಿಲ್ಲ. ನನ್ನನ್ನು ಕೇಳಿದರು.

ನಾನು ಉಳಿಯೋಣ ಎಂಬ ಕಡೆಗೆ ಗುರುತು ಹಾಕಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಹೇಳುವುದನ್ನೆಲ್ಲ ನೀವು ಅದಕ್ಕೆ ತಕ್ಕಂತೆ ತೂಗಿ ನೋಡಬೇಕು.

ಹೊರಬರಬೇಕು ಎಂದವರು 1,74,10,742 ಮಂದಿ. ಉಳಿಯಬೇಕು ಎಂದವರು 1,61,41,241. ಶೇಕಡಾ 51.9 ಮತ್ತು 48.1. ಮತ ಹಾಕಿದವರು ಶೇಕಡಾ 72.2. ಒಟ್ಟು ಲೆಕ್ಕ ಇಷ್ಟೇ, ಆದರೆ ಒಳಗೆ ಇಳಿದರೆ ಒಂದೇ ದೇಶದಲ್ಲಿ ಹಲವು ದೇಶಗಳು ಕಾಣುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್ ಹೊರಗೆ ಎಂದವು. ಸ್ಕಾಟ್ಲೆಂಡಿನಲ್ಲಿ ಶೇಕಡಾ 62, ಉತ್ತರ ಐರ್ಲೆಂಡಿನಲ್ಲಿ ಶೇಕಡಾ 55.8 ಮಂದಿ ಉಳಿಯೋಣ ಎಂದರು. ಲಿಂಕನ್‌ಶೈರಿನ ಬಾಸ್ಟನ್ ಎಂಬ ಊರಿನಲ್ಲಿ ಹೊರಗೆ ಎಂದವರು ಶೇಕಡಾ 75.6. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಉಳಿಯೋಣ ಎಂದವರು ಶೇಕಡಾ 78.6. ಥೇಮ್ಸ್ ದಂಡೆಯಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇರುವುದು ಇದೇ ಲ್ಯಾಂಬೆತ್‌ನಲ್ಲಿ. ಈ ಮತದಾನಕ್ಕೆ ಏಳು ತಿಂಗಳ ಮುಂಚೆ, 2015ರ ನವೆಂಬರಿನಲ್ಲಿ ಅದರ ಅನಾವರಣವಾಯಿತು. ಅಲ್ಲಿ ನಿಂತರೆ ನದಿಯಾಚೆ ಸಂಸತ್ ಭವನ ಕಾಣುತ್ತದೆ. ನಮ್ಮ ಬರ್ಮಿಂಗ್‌ಹ್ಯಾಮ್ ಶೇಕಡಾ 50.4ರಿಂದ ಹೊರಗೆ ಎಂದಿತು. ನಾಲ್ಕೂವರೆ ಲಕ್ಷ ಮತಗಳಲ್ಲಿ ಅಂತರ 3,800. ಅಂದರೆ ಬಸ್ಸಿನಲ್ಲಿ, ಅಂಗಡಿಯ ಸಾಲಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ನಿಮ್ಮ ಪಕ್ಕ ಕುಳಿತವರು ಇತ್ತಲೋ ಅತ್ತಲೋ ಎಂದು ಹೇಳುವಂತಿರಲಿಲ್ಲ. ಆ ಊರಿನಲ್ಲಿ ಮುಂದಿನ ನಾಲ್ಕು ವರ್ಷ ನಾನು ಕಂಡದ್ದನ್ನು ಹೇಳಬೇಕೆಂದೇ ಇಲ್ಲಿ ನಿಂತಿದ್ದೇನೆ.

ಅದಕ್ಕೂ ಮೊದಲು ನಮ್ಮ ಮನೆಯ ಒಂದು ಸಂಗತಿ. ನನಗೆ ಎಂಟು ವರ್ಷವಿದ್ದಾಗ ನಮ್ಮ ಅಜ್ಜನ ಮನೆ ಹಿಸ್ಸೆಯಾಯಿತು. ಬೇರೆಯಾಗುತ್ತೀರಾ ಎಂದು ಹಿರಿಯರು ಕೇಳಿದರು, ಅಣ್ಣತಮ್ಮಂದಿರು ಹೌದು ಎಂದರು. ಆ ಮಾತಿಗೆ ಹಿಡಿದದ್ದು ಒಂದು ಗಳಿಗೆ. ಆಮೇಲೆ ನಾಲ್ಕು ದಿನ ಜಗಲಿಯ ಮೇಲೆ ಕುಳಿತು ಪಾಲುಪಟ್ಟಿ ಬರೆದರು. ಬಾವಿ ದೊಡ್ಡವರ ಪಾಲಿಗೆ, ಆದರೆ ನೀರು ಸೇದುವ ಹಕ್ಕು ಮೂವರಿಗೂ. ಹಿಂದಿನ ಹೊಲಕ್ಕೆ ಗಾಡಿದಾರಿ ಮುಂದಿನ ಹೊಲದ ಬದುವಿನ ಮೇಲೆ. ಮನೆದೇವರ ಪೂಜೆ ಸರದಿಯಂತೆ. ಅಜ್ಜಿ ಯಾರ ಮನೆಯಲ್ಲಿ, ಅವರ ಔಷಧದ ಖರ್ಚು ಯಾರದು ಎಂಬುದೂ ಅದರಲ್ಲಿತ್ತು. ಗಟ್ಟಿಯಾಗಿ ಓದಿ ಹೇಳಿದರು. ಒಬ್ಬ ಚಿಕ್ಕಪ್ಪ ಗಾಡಿದಾರಿಯ ವಿಷಯಕ್ಕೆ ಸಿಟ್ಟಾಗಿ ಎದ್ದು ಹೋದರು, ಮರಳಿ ಬಂದರು, ಮತ್ತೆ ಬರೆದರು. ಹೆಬ್ಬೆಟ್ಟು ಒತ್ತಿದ್ದು ಇದೆಲ್ಲ ಆದ ಮೇಲೆ.

ಬ್ರಿಟನ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ಹೆಬ್ಬೆಟ್ಟು ಮೊದಲು ಒತ್ತಿಸಿಕೊಂಡರು. ಪಾಲುಪಟ್ಟಿಯನ್ನು ಆಮೇಲೆ ಬರೆಯಲು ಕುಳಿತರು, ಅದೂ ನಾಲ್ಕು ವರ್ಷ ಕುಳಿತರು. ನಾಲ್ಕು ವರ್ಷದ ಕಿತ್ತಾಟಕ್ಕೆ ಜನರ ಮೂರ್ಖತನ ಕಾರಣ ಎನ್ನುವವರಿದ್ದಾರೆ, ನಾಯಕರ ಸುಳ್ಳು ಕಾರಣ ಎನ್ನುವವರಿದ್ದಾರೆ. ಸುಳ್ಳುಗಳಿದ್ದವು, ಹೇಳುತ್ತೇನೆ. ಆದರೆ ಮೂಲದ ತಪ್ಪು ಕೇಳಿದ ಕ್ರಮದಲ್ಲೇ ಇತ್ತು ಎಂಬುದು ನನ್ನ ಗಟ್ಟಿ ನಂಬಿಕೆ.

ಮತಪತ್ರದಲ್ಲಿ ಎರಡೇ ಆಯ್ಕೆಗಳಿದ್ದವು, ಉಳಿಯುವುದು ಅಥವಾ ಹೊರಬರುವುದು. ಉಳಿಯುವುದೆಂದರೆ ಏನೆಂದು ಗೊತ್ತಿತ್ತು, ಇದ್ದ ಹಾಗೆಯೇ ಇರುವುದು. ಹೊರಬಂದು ಎಲ್ಲಿಗೆ ಹೋಗುವುದು? ನಾರ್ವೆಯ ಹಾಗೆ ಒಕ್ಕೂಟದ ಏಕ ಮಾರುಕಟ್ಟೆಯಲ್ಲಿ ಇದ್ದುಕೊಂಡು, ಹಣ ಕಟ್ಟಿ, ಜನರ ಮುಕ್ತ ಓಡಾಟವನ್ನೂ ಒಪ್ಪಿ, ಕಾನೂನು ಮಾಡುವ ಮೇಜಿನಿಂದ ಮಾತ್ರ ಏಳುವುದೇ? ಟರ್ಕಿಯ ಹಾಗೆ ಸುಂಕದ ಒಪ್ಪಂದವಷ್ಟೇ ಸಾಕೇ? ಕೆನಡಾದ ಹಾಗೆ ದೂರ ನಿಂತು ವ್ಯಾಪಾರ ಮಾಡುವುದೇ? ಯಾವ ಒಪ್ಪಂದವೂ ಇಲ್ಲದೆ ಎದ್ದು ಬರುವುದೇ? ಈ ನಾಲ್ಕಕ್ಕೂ ಒಂದೇ ಹೆಸರು, ಬ್ರೆಕ್ಸಿಟ್. ಒಂದೊಂದನ್ನು ಬಯಸಿದವರೂ ಒಂದೇ ಚೌಕದಲ್ಲಿ ಗುರುತು ಹಾಕಿದರು. ಹೊಸದಾಗಿ ಪ್ರಧಾನಿಯಾದ ತೆರೇಸಾ ಮೇ ಅವರನ್ನು ಅರ್ಥ ಕೇಳಿದಾಗ ‘ಬ್ರೆಕ್ಸಿಟ್ ಎಂದರೆ ಬ್ರೆಕ್ಸಿಟ್’ ಎಂದರು. ಆ ಉತ್ತರದಿಂದ ಪಾಪ ಅವರಿಗೂ ಮುಂದೆ ಬಿಡುಗಡೆ ಸಿಗಲಿಲ್ಲ.

ಹೊರಗೆ ಎಂದವರ ಮಾತನ್ನು ನಮ್ಮಲ್ಲಿ ಬಹಳ ಜನ ಸರಿಯಾಗಿ ಕೇಳಿಸಿಕೊಂಡಿಲ್ಲ. ಪತ್ರಿಕೆಗಳನ್ನು ಓದಿ, ಅವರೆಲ್ಲ ವಲಸಿಗರನ್ನು ದ್ವೇಷಿಸುವವರು ಎಂದು ತೀರ್ಮಾನಿಸಿದ್ದೇವೆ. ನನ್ನ ಪಕ್ಕದ ಮನೆಯ ಹಿರಿಯರ ಬಗ್ಗೆ ಹೇಳುತ್ತೇನೆ. ಕಾರು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು, ಅದು ಮುಚ್ಚಿದ ಮೇಲೆ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿ ನಿವೃತ್ತರಾದವರು. ಬ್ರಿಟನ್ ಆಗಿನ ಐರೋಪ್ಯ ಆರ್ಥಿಕ ಸಮುದಾಯವನ್ನು ಸೇರಿದ್ದು 1973ರ ಜನವರಿಯಲ್ಲಿ. 1975ರಲ್ಲಿ ಮೊದಲ ಜನಮತಗಣನೆ ನಡೆದು ಶೇಕಡಾ 67 ಮಂದಿ ಉಳಿಯೋಣ ಎಂದರು. ಆ 67ರಲ್ಲಿ ಇವರೂ ಒಬ್ಬರು. ‘ಆಗ ನನಗೆ ತೋರಿಸಿದ್ದು ಒಂದು ಸಂತೆ. ಸಂತೆಗೆ ಒಪ್ಪಿದೆ. ಆಮೇಲೆ ಅದು ಸರ್ಕಾರವಾಯಿತು. ಆಗ ನನ್ನನ್ನು ಯಾರೂ ಕೇಳಲಿಲ್ಲ’ ಎನ್ನುತ್ತಿದ್ದರು.

ಈ ಮಾತಿನಲ್ಲಿ ಹುರುಳಿದೆ. ಆರ್ಥಿಕ ಸಮುದಾಯವನ್ನು ರಾಜಕೀಯ ಒಕ್ಕೂಟವನ್ನಾಗಿಸಿದ ಮಾಸ್ಟ್ರಿಕ್ಟ್ ಒಪ್ಪಂದ ಬಂದಾಗ, 1992ರಲ್ಲಿ, ಐರ್ಲೆಂಡ್ ಜನರನ್ನು ಕೇಳಿತು, ಫ್ರಾನ್ಸ್ ಕೇಳಿತು, ಡೆನ್ಮಾರ್ಕ್ ಕೇಳಿತು. ಡೆನ್ಮಾರ್ಕಿನವರು ಮೊದಲು ಬೇಡ ಎಂದು, ಕೆಲವು ವಿನಾಯಿತಿ ಪಡೆದ ಮೇಲಷ್ಟೇ ಒಪ್ಪಿದರು. ಬ್ರಿಟನ್ ಕೇಳಲಿಲ್ಲ. ಇನ್ನೊಂದು, 2004ರಲ್ಲಿ ಪೂರ್ವ ಯುರೋಪಿನ ಎಂಟು ದೇಶಗಳು ಒಕ್ಕೂಟ ಸೇರಿದಾಗ ಅವರ ಕೆಲಸಗಾರರಿಗೆ ಮೊದಲ ದಿನವೇ ಬಾಗಿಲು ತೆರೆದವು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮೂರೇ. ವರ್ಷಕ್ಕೆ ಹೆಚ್ಚೆಂದರೆ 13,000 ಮಂದಿ ಬಂದಾರು ಎಂದು ಸರ್ಕಾರ ಮಾಡಿಸಿದ ಅಂದಾಜು ಹೇಳಿತ್ತು. ಎರಡು ವರ್ಷಗಳಲ್ಲಿ ಕೆಲಸಕ್ಕೆ ಹೆಸರು ನೋಂದಾಯಿಸಿದವರು ನಾಲ್ಕು ಲಕ್ಷಕ್ಕೂ ಹೆಚ್ಚು. ಬಂದವರ ತಪ್ಪಿಲ್ಲ. ಬಾಸ್ಟನ್ ಸುತ್ತಲಿನ ತರಕಾರಿ ಹೊಲಗಳಲ್ಲಿ ಎಲೆಕೋಸು ಕೊಯ್ದವರು ಅವರೇ. ಆದರೆ ಸಣ್ಣ ಊರೊಂದರಲ್ಲಿ ಕೆಲವೇ ವರ್ಷಗಳಲ್ಲಿ ಸಾವಿರಾರು ಮಂದಿ ಹೆಚ್ಚಿದರೆ ಶಾಲೆ, ವೈದ್ಯರು, ಬಾಡಿಗೆ ಮನೆ ಎಲ್ಲವೂ ಇಕ್ಕಟ್ಟಾಗುತ್ತವೆ. ಅದನ್ನು ಹೇಳಿದವರಿಗೆ ದೊಡ್ಡ ಊರಿನವರು ಕೊಟ್ಟ ಉತ್ತರ, ‘ನಿಮ್ಮದು ಸಂಕುಚಿತ ಮನಸ್ಸು.’ ಈ ಉತ್ತರವನ್ನು ಹತ್ತು ವರ್ಷ ಕೇಳಿದವರು ಹನ್ನೊಂದನೆಯ ವರ್ಷ ಮತಪತ್ರ ಕೈಗೆ ಬಂದಾಗ ಏನು ಮಾಡುತ್ತಾರೆ? ನೀವೇ ಯೋಚಿಸಿ.

ಇನ್ನು ಪ್ರಚಾರ. ಹೊರಗೆ ಎನ್ನುವವರ ಕೆಂಪು ಬಸ್ಸಿನ ಕಥೆ ನೀವು ಕೇಳಿರಬಹುದು. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ಆಸ್ಪತ್ರೆಗಳಿಗೆ ಕೊಡೋಣ ಎಂದು ಅದರ ಮೇಲೆ ಬರೆದಿತ್ತು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆದರೆ ಹೋಗುತ್ತಿದ್ದದ್ದು ಸುಮಾರು 25 ಕೋಟಿ. ಅದರಲ್ಲೂ ಒಂದು ಪಾಲು ರೈತರಿಗೆ, ಹಿಂದುಳಿದ ಪ್ರದೇಶಗಳಿಗೆ ಮರಳಿ ಬರುತ್ತಿತ್ತು. ದೇಶದ ಅಂಕಿಅಂಶ ಪ್ರಾಧಿಕಾರವೇ ಆ ಸಂಖ್ಯೆ ದಾರಿ ತಪ್ಪಿಸುತ್ತದೆ ಎಂದಿತು. ಬಸ್ಸು ಓಡುತ್ತಲೇ ಇತ್ತು. ನಮ್ಮ ಕಡೆಯವರೂ ಹೆದರಿಸಿದರು. ಹೊರಗೆ ಎಂದು ಮತ ಬಿದ್ದರೆ ಒಂದು ವರ್ಷದ ಆರ್ಥಿಕ ಹಿಂಜರಿತ ಬರುತ್ತದೆ, ಐದು ಲಕ್ಷ ಉದ್ಯೋಗ ಹೋಗುತ್ತದೆ ಎಂದು ಹಣಕಾಸು ಇಲಾಖೆ ಮತದಾನಕ್ಕೆ ಒಂದು ತಿಂಗಳ ಮುಂಚೆ ಹೇಳಿತು. ಹಾಗಾಗಲಿಲ್ಲ. ಪೌಂಡಿನ ಬೆಲೆ ಬಿತ್ತು, ಹೂಡಿಕೆ ಕುಂದಿತು, ನಿಧಾನವಾದ ನಷ್ಟಗಳು ನಿಜವಾದವು. ಆದರೆ ಹೇಳಿದ ಆ ಹಠಾತ್ ಕುಸಿತ ಬರಲಿಲ್ಲ. ಅದರ ಮುಂದಿನ ಎಚ್ಚರಿಕೆಗಳನ್ನು ಪಕ್ಕದ ಮನೆಯ ಹಿರಿಯರು ಕಿವಿಗೇ ಹಾಕಿಕೊಳ್ಳಲಿಲ್ಲ.

ಅಪನಂಬಿಕೆ ಎಷ್ಟಿತ್ತೆಂದರೆ, ಪೆನ್ಸಿಲ್ ಗುರುತನ್ನು ಅಧಿಕಾರಿಗಳು ಅಳಿಸಿಬಿಡುತ್ತಾರೆ ಎಂದು ಹೆದರಿ ಮನೆಯಿಂದ ಪೆನ್ನು ತಂದವರಿದ್ದರು. ನಾನೇ ನೋಡಿದ್ದೇನೆ.

ಜೂನ್ 16ರಂದು, ಮತದಾನಕ್ಕೆ ಏಳು ದಿನವಿದ್ದಾಗ, ಸಂಸದೆ ಜೋ ಕಾಕ್ಸ್ ಕೊಲೆಯಾದರು. ಯಾರ್ಕ್‌ಶೈರಿನ ಬರ್ಸ್ಟಾಲ್ ಎಂಬ ಸಣ್ಣ ಊರಿನ ಗ್ರಂಥಾಲಯದ ಎದುರು, ತಮ್ಮ ಕ್ಷೇತ್ರದ ಜನರ ಅಹವಾಲು ಕೇಳಲು ಹೋದಾಗ, ಅತಿ ಬಲಪಂಥದ ವಿಚಾರ ತಲೆಗೇರಿದ್ದ ಒಬ್ಬ ಗುಂಡು ಹಾರಿಸಿ ಇರಿದ. ಅವರಿಗೆ 41 ವರ್ಷ, ಎರಡು ಪುಟ್ಟ ಮಕ್ಕಳು. ನಮ್ಮನ್ನು ಬೇರ್ಪಡಿಸುವುದಕ್ಕಿಂತ ನಮ್ಮ ನಡುವೆ ಸಮಾನವಾಗಿ ಇರುವುದೇ ಬಹಳ ಹೆಚ್ಚು ಎಂದು ಸಂಸತ್ತಿನ ತಮ್ಮ ಮೊದಲ ಭಾಷಣದಲ್ಲಿ ಹೇಳಿದ್ದವರು ಅವರು. ಎರಡೂ ಕಡೆಯವರು ಪ್ರಚಾರ ನಿಲ್ಲಿಸಿದರು. ಕೆಲವು ದಿನ ಮಾತ್ರ. 2019ರ ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ ಒಬ್ಬ ಸಂಸದೆ ಎದ್ದು, ಜೋ ಕಾಕ್ಸ್ ಹೆಸರು ಹಿಡಿದು, ನಮಗೆ ಬರುವ ಕೊಲೆ ಬೆದರಿಕೆಗಳಲ್ಲಿ ‘ದ್ರೋಹ’, ‘ಶರಣಾಗತಿ’ ಎಂಬ ನಿಮ್ಮ ಪದಗಳೇ ಇರುತ್ತವೆ, ಆ ಪದಗಳನ್ನು ಬಿಡಿ ಎಂದು ಪ್ರಧಾನಿ ಬೋರಿಸ್ ಜಾನ್ಸನ್ ಅವರನ್ನು ಬೇಡಿಕೊಂಡರು. ಅವರು ಅದನ್ನು ಟೊಳ್ಳು ಮಾತೆಂದು ತಳ್ಳಿಹಾಕಿದರು. ಆ ರಾತ್ರಿ ಟಿ.ವಿ. ಆರಿಸಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಈಗ ಹೇಳುವಾಗಲೂ ನನ್ನ ಗಂಟಲು ಕಟ್ಟುತ್ತದೆ.

ಸೋತ ನಾವು ಹೇಗೆ ನಡೆದುಕೊಂಡೆವು? ಫಲಿತಾಂಶದ ಬೆನ್ನಿಗೇ, ಮತ್ತೊಮ್ಮೆ ಮತದಾನ ನಡೆಸಿ ಎಂಬ ಮನವಿಗೆ 40 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಗೆದ್ದವರು ಶೇಕಡಾ 60 ದಾಟದಿದ್ದರೆ, ಮತದಾನ ಶೇಕಡಾ 75 ಮುಟ್ಟದಿದ್ದರೆ ಪುನಃ ಕೇಳಬೇಕು ಎಂಬುದು ಅದರ ಒಕ್ಕಣೆ. ಆ ಮನವಿಯನ್ನು ಮೇ ತಿಂಗಳಲ್ಲೇ ಬರೆದಿಟ್ಟವರು ಹೊರಗೆ ಎನ್ನುವ ಕಡೆಯವರು, ತಾವು ಸೋಲುತ್ತೇವೆ ಎಂದುಕೊಂಡು. ಹೊರಗೆ ಎನ್ನುವವರ ಮುಂದಾಳು ನೈಜೆಲ್ ಫರಾಜ್ ಕೂಡ ಆಗಲೇ, 52–48ರಿಂದ ತಾವು ಸೋತರೆ ವಿಷಯ ಮುಗಿದಂತಲ್ಲ ಎಂದಿದ್ದರು. ಅಂದರೆ ಸೋತರೆ ಒಪ್ಪುವುದಿಲ್ಲ ಎಂದು ಎರಡೂ ಕಡೆಯವರು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ನಾನೂ ಆ ಮನವಿಗೆ ಸಹಿ ಹಾಕಿದೆ. ಪಕ್ಕದ ಮನೆಯವರು ಬೇಲಿಯಾಚೆಯಿಂದ ಕೇಳಿದರು, ‘ನನ್ನ ಮತ ಎಣಿಸಿದ್ದು ತಪ್ಪೇ, ಅಥವಾ ನಾನು ಮತ ಹಾಕಿದ್ದೇ ತಪ್ಪೇ?’ ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟು ವರ್ಷಗಳ ನಂತರವೂ ಆ ಸಹಿಯ ಬಗ್ಗೆ ನನಗೆ ಸಮಾಧಾನವಿಲ್ಲ.

ಗೆದ್ದವರ ತಪ್ಪು ಇನ್ನೂ ದೊಡ್ಡದು ಎಂದೇ ನಾನು ಎಣಿಸುತ್ತೇನೆ, ಏಕೆಂದರೆ ಅಧಿಕಾರ ಅವರ ಕೈಯಲ್ಲಿತ್ತು. ಒಕ್ಕೂಟಕ್ಕೆ ನೋಟಿಸ್ ಕೊಡುವ ಮುನ್ನ ಸಂಸತ್ತಿನ ಒಪ್ಪಿಗೆ ಬೇಕು ಎಂದು 2016ರ ನವೆಂಬರಿನಲ್ಲಿ ಹೈಕೋರ್ಟಿನ ಮೂವರು ನ್ಯಾಯಾಧೀಶರು ತೀರ್ಪು ಕೊಟ್ಟರು. ಮರುದಿನ ಡೈಲಿ ಮೇಲ್ ಪತ್ರಿಕೆ ಮುಖಪುಟದಲ್ಲಿ ಅವರ ಚಿತ್ರ ಹಾಕಿ ‘ಜನರ ಶತ್ರುಗಳು’ ಎಂದು ಬರೆಯಿತು. ಸಂಸತ್ತನ್ನು ಕೇಳಿ ಎಂದದ್ದೇ ಅವರ ಅಪರಾಧ. ಸಂಸತ್ತಿನ ಪರಮಾಧಿಕಾರವನ್ನು ಮರಳಿ ಪಡೆಯಲೆಂದೇ ಹೊರಬರುತ್ತಿದ್ದೇವೆ ಎಂದವರು ಅದೇ ಸಂಸತ್ತಿನ ಹಕ್ಕಿಗೆ ಕೆರಳಿದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಂಟು–ಮೂರರ ಬಹುಮತದಿಂದ ಆ ತೀರ್ಪನ್ನು ಎತ್ತಿಹಿಡಿಯಿತು. 48 ಪಾಲಿನ ಜನರನ್ನು ಕರೆದು ಕೂರಿಸಿಕೊಂಡು, ನಿಮ್ಮ ಆತಂಕವೇನು, ಎಷ್ಟು ದೂರ ಹೋಗೋಣ ಎಂದು ಯಾರೂ ಕೇಳಲಿಲ್ಲ.

ಈಗ ಐರ್ಲೆಂಡ್. ನಾನು ಇಷ್ಟು ಹೊತ್ತು ಮಾತಾಡಿದ್ದೂ ಇಲ್ಲಿಗೆ ಬರಲೆಂದೇ.

ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ದಕ್ಷಿಣದ ಐರ್ಲೆಂಡ್ ಸ್ವತಂತ್ರ ಗಣರಾಜ್ಯ. ನಡುವಿನ ಗಡಿ ಸುಮಾರು 500 ಕಿಲೋಮೀಟರ್, ಅದನ್ನು ದಾಟುವ ರಸ್ತೆಗಳು ಇನ್ನೂರಕ್ಕೂ ಹೆಚ್ಚು. ಉತ್ತರದಲ್ಲಿ ಬ್ರಿಟನ್ನಿನಲ್ಲೇ ಇರೋಣ ಎನ್ನುವವರಿಗೂ ದಕ್ಷಿಣಕ್ಕೆ ಸೇರೋಣ ಎನ್ನುವವರಿಗೂ ನಡೆದ ಮೂವತ್ತು ವರ್ಷಗಳ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತರು. 1998ರ ಏಪ್ರಿಲಿನಲ್ಲಿ ಗುಡ್ ಫ್ರೈಡೇ ಶಾಂತಿ ಒಪ್ಪಂದವಾಯಿತು. ಒಪ್ಪಂದದ ಪೂರ್ಣ ಪಠ್ಯವನ್ನು ಅಚ್ಚು ಹಾಕಿಸಿ ಉತ್ತರ ಐರ್ಲೆಂಡಿನ ಪ್ರತಿ ಮನೆಗೂ ಕಳುಹಿಸಿದರು. ಜನ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿಕೊಂಡು ಓದಿದರು, ಜಗಳವಾಡಿದರು. ಮೇ 22ರಂದು ಮತದಾನ. ಶೇಕಡಾ 71 ಮಂದಿ ಹೌದು ಎಂದರು, ಗಡಿಯ ದಕ್ಷಿಣಕ್ಕೆ ಶೇಕಡಾ 94. ಬೇಡ ಎಂದವರಿಗೂ ತಾವು ಏನನ್ನು ಬೇಡ ಎನ್ನುತ್ತಿದ್ದೇವೆ ಎಂದು ಸಾಲು ಸಾಲಾಗಿ ಗೊತ್ತಿತ್ತು. ಪಾಲುಪಟ್ಟಿ ಓದಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಎಂದರೆ ಇದೇ. ಬ್ರೆಕ್ಸಿಟ್ ಮತದಾನಕ್ಕೆ ಹದಿನೆಂಟು ವರ್ಷ ಮುಂಚೆಯೇ ಅದೇ ಬ್ರಿಟನ್ ಸರ್ಕಾರಕ್ಕೆ ಈ ಕ್ರಮ ಗೊತ್ತಿತ್ತು! 2014ರಲ್ಲಿ ಸ್ಕಾಟ್ಲೆಂಡ್ ಸ್ವಾತಂತ್ರ್ಯದ ಪ್ರಶ್ನೆಗೆ ಮತ ಹಾಕಿದಾಗಲೂ ಅಲ್ಲಿನ ಸರ್ಕಾರ ಆರುನೂರಕ್ಕೂ ಹೆಚ್ಚು ಪುಟಗಳ ಯೋಜನೆಯನ್ನು ಮೊದಲೇ ಜನರ ಮುಂದಿಟ್ಟಿತ್ತು. ಅದನ್ನು ಓದಿದ ಜನ ಬೇಡ ಎಂದರು.

2016ರಲ್ಲಿ ಒಕ್ಕೂಟದಿಂದ ಹೊರಗೆ ಎಂದ ಮರುಗಳಿಗೆಯೇ ಐರ್ಲೆಂಡಿನ ಆ ಗಡಿ ಎದ್ದು ನಿಂತಿತು. ದಕ್ಷಿಣ ಒಕ್ಕೂಟದಲ್ಲಿ, ಉತ್ತರ ಹೊರಗೆ. ಸರಕುಗಳ ತಪಾಸಣೆ ಎಲ್ಲಿ? ಗಡಿಯ ಮೇಲೆ ಚೌಕಿ ಕಟ್ಟಿದರೆ ಶಾಂತಿ ಒಡೆಯುತ್ತದೆ. ಸಮುದ್ರದ ಮೇಲೆ ತಪಾಸಣೆ ಇಟ್ಟರೆ ಬ್ರಿಟನ್ ತನ್ನದೇ ಭಾಗದ ಜೊತೆ ಗಡಿ ಹಾಕಿಕೊಂಡಂತೆ. ತಪಾಸಣೆಯೇ ಬೇಡವೆಂದರೆ ಇಡೀ ಬ್ರಿಟನ್ ಒಕ್ಕೂಟದ ಸುಂಕದ ನಿಯಮಗಳೊಳಗೇ ಇರಬೇಕು. ಮೂರರಲ್ಲಿ ಒಂದನ್ನು ನುಂಗಲೇಬೇಕಿತ್ತು. ಬರ್ಮಿಂಗ್‌ಹ್ಯಾಮ್‌ನ ಪ್ರಚಾರ ಸಭೆಗಳಲ್ಲಿ ಐರ್ಲೆಂಡ್ ಗಡಿಯ ಹೆಸರನ್ನು ನಾನು ಒಮ್ಮೆಯೂ ಕೇಳಲಿಲ್ಲ. ಗಾಡಿದಾರಿಯ ವಿಷಯವನ್ನೇ ಬರೆಯದೆ ಹೊಲ ಹಂಚಿದ ಹಾಗೆ.

ತೆರೇಸಾ ಮೇ ಅವರು ಒಕ್ಕೂಟದ ಜೊತೆ ಮಾಡಿಕೊಂಡ ಒಪ್ಪಂದ ಸಂಸತ್ತಿನಲ್ಲಿ ಬಿದ್ದದ್ದು ಮುಖ್ಯವಾಗಿ ಇದರ ಮೇಲೆ. 2019ರ ಜನವರಿ 15ರಂದು 432–202. ಆಧುನಿಕ ಬ್ರಿಟನ್ನಿನ ಯಾವ ಸರ್ಕಾರವೂ ಸದನದಲ್ಲಿ ಅಷ್ಟು ದೊಡ್ಡ ಅಂತರದಲ್ಲಿ ಸೋತಿರಲಿಲ್ಲ. ಮಾರ್ಚ್‌ನಲ್ಲಿ ಸಂಸದರು, ಹಾಗಾದರೆ ನಮಗೆ ಏನು ಬೇಕು ನೋಡೋಣ ಎಂದು ಎಂಟು ಆಯ್ಕೆಗಳ ಮೇಲೆ ಮತ ಹಾಕಿದರು. ಎಂಟಕ್ಕೂ ಬಹುಮತವಿಲ್ಲ. ಮುಂದಿನ ವಾರ ಸುಂಕ ಒಕ್ಕೂಟದ ಪ್ರಸ್ತಾವ ಬರೀ ಮೂರು ಮತಗಳಿಂದ ಸೋತಿತು. ಇನ್ನು ಬೆರಳೆಣಿಕೆಯ ಮತ ಬಿದ್ದಿದ್ದರೆ ಇಬ್ಬರಿಗೂ ಅರ್ಧ ಹೊಟ್ಟೆಯಾದರೂ ತುಂಬುವ ದಾರಿಯೊಂದು ತೆರೆಯುತ್ತಿತ್ತು. ನಮ್ಮ ಕಡೆಯ ಹಲವರು ಅದಕ್ಕೆ ಮತ ಹಾಕಲಿಲ್ಲ, ಪೂರ್ತಿ ಉಳಿಯುವ ಆಸೆ ಅವರನ್ನು ಬಿಡಲಿಲ್ಲ.

ಮಾರ್ಚ್ 23ರ ಶನಿವಾರ ನಾನು ಲಂಡನ್ನಿಗೆ ಹೋಗಿ, ಮತ್ತೊಂದು ಜನಮತಗಣನೆ ಬೇಕು ಎಂದು ಲಕ್ಷಾಂತರ ಜನರ ಜೊತೆ ಸಂಸತ್ ಚೌಕದವರೆಗೆ ನಡೆದೆ. ಮಾರ್ಚ್ 29, ಹೊರಬರಬೇಕೆಂದು ಮೊದಲು ಗೊತ್ತಾಗಿದ್ದ ದಿನ. ಅಂದು ಪಕ್ಕದ ಮನೆಯ ಹಿರಿಯರು ಅದೇ ರೈಲಿನಲ್ಲಿ ಹೋಗಿ, ಅದೇ ಚೌಕದಲ್ಲಿ, ನಮಗೆ ಮೋಸವಾಯಿತು ಎಂದು ಕೂಗಿ ಬಂದರು. ಒಂದೇ ಬೀದಿಯ ಇಬ್ಬರು ಆರು ದಿನಗಳ ಅಂತರದಲ್ಲಿ ಒಂದೇ ಕಲ್ಲುಹಾಸಿನ ಮೇಲೆ ನಿಂತಿದ್ದೆವು. ಅವರ ಮಗಳು ನನ್ನ ಮೆರವಣಿಗೆಯಲ್ಲಿದ್ದಳು. ಎರಡು ವರ್ಷ ಅವಳು ಕ್ರಿಸ್‌ಮಸ್‌ಗೆ ತಂದೆಯ ಮನೆಗೆ ಬಂದಿರಲಿಲ್ಲ. ಪಕ್ಷದ ಗುರುತಿಗಿಂತ ಬ್ರೆಕ್ಸಿಟ್ ಗುರುತೇ ಜನರಿಗೆ ಗಟ್ಟಿಯಾಗಿದೆ ಎಂದು ಸಮೀಕ್ಷೆಗಳು ಹೇಳತೊಡಗಿದ್ದವು.

ಭಾರತೀಯ ಮೂಲದವರು ಏನು ಮಾಡಿದರು ಎಂದು ಇಲ್ಲಿ ಸದಾ ಕೇಳುತ್ತಾರೆ. ಮತ ಹಾಕಿದವರ ಸಮೀಕ್ಷೆಯೊಂದರ ಪ್ರಕಾರ ಏಷ್ಯಾ ಮೂಲದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಉಳಿಯೋಣ ಎಂದರು. ಉಳಿದವರಿಗೆ ಒಂದು ಆಸೆ ತೋರಿಸಲಾಗಿತ್ತು. ಯುರೋಪಿನವರ ಮುಕ್ತ ಪ್ರವೇಶ ನಿಂತರೆ ನಿಮ್ಮ ಅಡುಗೆಯವರಿಗೆ ಬಾಗಿಲು ತೆರೆಯುತ್ತದೆ, ‘ನಮ್ಮ ಕರಿ ಹೋಟೆಲುಗಳನ್ನು ಉಳಿಸಿ’ ಎಂದು ಆಗಿನ ಸಚಿವೆ ಪ್ರೀತಿ ಪಟೇಲ್ ಪ್ರಚಾರ ಮಾಡಿದರು. ಆ ಹೋಟೆಲುಗಳ ಮಾಲೀಕರಲ್ಲಿ ಹೆಚ್ಚಿನವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯ ಬಂಗಾಳಿಗಳು, ಹಲವರು ನಂಬಿ ಮತ ಹಾಕಿದರು. ಒಂದು ವರ್ಷದೊಳಗೇ ಮೋಸ ಹೋದೆವು ಎಂದು ಅವರಲ್ಲಿ ಕೆಲವರು ಬಹಿರಂಗವಾಗಿ ಹೇಳಿದರು.

ಮುಂದಿನದು ನಿಮಗೆ ಗೊತ್ತಿದೆ. 2019ರ ಡಿಸೆಂಬರ್ ಚುನಾವಣೆಯಲ್ಲಿ ಜಾನ್ಸನ್ 80 ಸ್ಥಾನಗಳ ಬಹುಮತ ಪಡೆದರು. ತಪಾಸಣೆ ಸಮುದ್ರಕ್ಕೆ ಹೋಯಿತು. ಅದರ ಸಿಟ್ಟಿಗೆ ಬೆಲ್‌ಫಾಸ್ಟಿನಲ್ಲಿದ್ದ ಉತ್ತರ ಐರ್ಲೆಂಡಿನ ಸರ್ಕಾರ 2022ರಿಂದ ಎರಡು ವರ್ಷ ನಿಂತೇಹೋಯಿತು. 2020ರ ಜನವರಿ 31ರ ರಾತ್ರಿ ಹನ್ನೊಂದು ಗಂಟೆಗೆ ಬ್ರಿಟನ್ ಹೊರಬಂತು.

ಎದುರು ಮನೆಯ ಬಡಗಿಯ ವಿಷಯ ಉಳಿಯಿತು. ಒಕ್ಕೂಟದ ಪ್ರಜೆಗಳು ಬ್ರಿಟನ್ನಿನಲ್ಲಿ ಉಳಿಯಬೇಕಾದರೆ 2021ರ ಜೂನ್ 30ರೊಳಗೆ ಅರ್ಜಿ ಹಾಕಬೇಕಿತ್ತು, ಕಾಯಂ ನೆಲೆಯ ಹಕ್ಕು ಬೇಕೆಂದರೆ ಐದು ವರ್ಷ ಅಲ್ಲೇ ಇದ್ದದ್ದಕ್ಕೆ ದಾಖಲೆ ತೋರಿಸಬೇಕಿತ್ತು. ಬಹಳ ಜನರಿಗೆ ತೆರಿಗೆ ದಾಖಲೆಯಿಂದಲೇ ಕೆಲಸವಾಯಿತು. ಈತ ಸ್ವಂತ ಕಸುಬಿನವನು. ಒಂದು ವರ್ಷದ ಕೆಲವು ತಿಂಗಳು ಖಾಲಿ ಬಂದವು, ಆಗ ಹೆಂಡತಿಗೆ ಕಾಯಿಲೆಯಾಗಿ ಕೆಲಸ ಕಡಿಮೆ ಮಾಡಿದ್ದನಂತೆ. ಬೀದಿಯಲ್ಲಿ ಸುದ್ದಿಯಾಯಿತು. ಒಂದು ಸಂಜೆ ಪಕ್ಕದ ಮನೆಯ ಹಿರಿಯರು ಹಳೆಯ ಬಿಸ್ಕತ್ತಿನ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದರು. ಕನ್ನಡಕ ಮರೆತು ಬಂದಿದ್ದರು, ನನ್ನನ್ನೇ ಹುಡುಕಲು ಹೇಳಿದರು. ವಿದ್ಯುತ್ ಬಿಲ್ಲು, ಕಾರಿನ ವಿಮೆ, ಹೆಂಡತಿಯ ಶವಸಂಸ್ಕಾರದ ರಸೀದಿ, ಎಲ್ಲದರ ಕೆಳಗೆ ಅದು ಸಿಕ್ಕಿತು. ಅವರ ಮನೆಯ ಮೆಟ್ಟಿಲಿನ ಕಟಕಟೆ ಸರಿಮಾಡಿದ್ದಕ್ಕೆ ಆ ಬಡಗಿ ಕೈಯಲ್ಲಿ ಬರೆದು ಕೊಟ್ಟ ಬಿಲ್ಲು, ಅದಕ್ಕೆ ಪಿನ್ ಮಾಡಿದ ಚೆಕ್ಕಿನ ಅರೆಪ್ರತಿ. ದಿನಾಂಕ ಆ ಖಾಲಿ ತಿಂಗಳುಗಳದ್ದೇ. ‘ಕೆಲಸ ಚೆನ್ನಾಗಿ ಮಾಡಿದ್ದ’ ಎಂದು ಅದನ್ನು ಮಡಚದೆ ಲಕೋಟೆಯಲ್ಲಿಟ್ಟು, ರಸ್ತೆ ದಾಟಿ, ಎದುರು ಮನೆಯ ಕರೆಗಂಟೆ ಒತ್ತಿದರು.